ಓದಿದವರನ್ನು ಓದಿದವರು

ನಮ್ಮ ತತ್ವಶಾಸ್ತ್ರದ ಸರ್ ಅವರ ಕನ್ನಡಕದ ಗಾಜಿಗೆ ಸದಾ ವಿಭೂತಿ ಮೆತ್ತಿರುತ್ತಿತ್ತು. ಓದುವಾಗ ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿಗೆ ತಾಗಿಸಿಕೊಳ್ಳುತ್ತಿದ್ದರು. ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ಬರುವ ಬಸ್ಸಿನಲ್ಲೂ ಹಾಗೆಯೇ. ಕೈಯಲ್ಲಿರುತ್ತಿದ್ದದ್ದು ಯಾರೋ ಬರೆದ ಪರಿಚಯ, ವ್ಯಾಖ್ಯಾನ, ಇಲ್ಲವೇ ಪರೀಕ್ಷೆಯ ಗೈಡು.

ಜರ್ಮನ್ ತತ್ವಜ್ಞಾನಿಯೊಬ್ಬನ ಪಾಠ ನಡೆದಾಗ, ಮೂಲ ಓದಿದ್ದೀರಾ ಎಂದು ತರಗತಿಯಲ್ಲಿ ಕೇಳಿದೆ, ಕೆಣಕಲೆಂದೇ.

"ಇಲ್ಲಪ. ಓದಿದವರನ್ನ ಓದೀನಿ. ನೀ ಮೂಲ ಓದಿ ಬಂದು ನಾ ತಪ್ಪಿದ್ದು ತೋರಸು."

ವಿಶ್ವವಿದ್ಯಾಲಯಕ್ಕೆ ಹೋಗಿ ಆ ಜರ್ಮನ್ ತತ್ವಜ್ಞಾನಿಯನ್ನು ಓದಿದೆ. ರಜೆಗೆ ಬಂದವನೇ ಅವರ ಮನೆಗೆ ನಡೆದೆ. ಕಾಣುವ ಲೋಕ ಸುಳ್ಳೆಂದು ಅವನು ಹೇಳಿಯೇ ಇಲ್ಲ; ಪಾಠದಲ್ಲಿ ನೀವು ಅವನನ್ನು ನಮ್ಮ ವೇದಾಂತದ ಮಾಯೆಗೆ ಗಂಟು ಹಾಕಿದ್ದಿರಿ ಎಂದೆ. ಎಲ್ಲ ಕೇಳಿ, ಜರ್ಮನ್ ಬರುತ್ತದೇನು ಎಂದರು. ಇಲ್ಲ, ಇಂಗ್ಲಿಷ್ ಅನುವಾದ ಎಂದೆ.

"ಹಂಗಾದ್ರ ಇಬ್ರೂ ಒಂದ ಬಸ್ಸಿನಾಗ ಅದೀವಿ. ನಿನಗ ಮುಂದಿನ ಸೀಟ ಸಿಕ್ಕೈತಿ, ಅಷ್ಟ."

ನಕ್ಕು ಬಿಟ್ಟುಬಿಡಲಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ, ತಾವು ಕಲಿಸಿದ ತಪ್ಪನ್ನು ತಿದ್ದತೊಡಗಿದರು. ನನ್ನ ಸಹಪಾಠಿಯೊಬ್ಬ ತುರ್ವಿಹಾಳದಲ್ಲಿ ಗೊಬ್ಬರದಂಗಡಿ ಇಟ್ಟಿದ್ದ. ಅಲ್ಲಿಗೂ ಹೋಗಿ, ಯೂರಿಯಾಕ್ಕೆ ನಿಂತವರ ನಡುವೆ ಮಾಯೆಯನ್ನು ಹಿಂದಕ್ಕೆ ಪಡೆದರು.

"ಸರ, ನೀವು ಹೇಳಿದ್ದ ನೆನಪಿಲ್ಲ. ತಿದ್ದೂದೇನ ಬಂತ್ರಿ?" ಎಂದ ಗೆಳೆಯ.

"ನನಗ ನೆನಪೈತಲ್ಲಪ," ಎಂದರು ಸರ್, ಮೂಟೆಗೆ ಒರಗಿ ನಿಂತು.

ಮೊನ್ನೆ ತೀರಿಕೊಂಡರು. ಮಸ್ಕಿಯಲ್ಲಿ ಮಣ್ಣು ಮಾಡಿ ಬರುವಾಗಲೇ ಕಾಲೇಜಿನವರು ನೆನಪಿನ ಸಂಚಿಕೆಗೆ ಬರೆದುಕೊಡು ಎಂದರು. ನೆನಪನ್ನು ನಂಬುವವನಲ್ಲ ನಾನು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು, ಅವರ ಋಣಕ್ಕೆ ಅಷ್ಟಾದರೂ ಮಾಡಬೇಕು ಎಂದುಕೊಂಡೆ. ಉಳಿದ ಸಂಗತಿಗಳಲ್ಲೆಲ್ಲ ನನ್ನ ಜಾಣತನ ಬೆರೆತಿದೆ. ಸರ್ ಸರ್ ಆಗಿಯೇ ಕಂಡದ್ದು ಆ ಗೊಬ್ಬರದಂಗಡಿಯಲ್ಲಿ. ಅದನ್ನೇ ಬರೆಯುತ್ತೇನೆ ಎಂದು ಪಕ್ಕದಲ್ಲಿದ್ದ ಅದೇ ಅಂಗಡಿಯ ಗೆಳೆಯನಿಗೆ ಹೇಳಿದೆ.

"ನೀ ಅವತ್ತ ಎಲ್ಲಿದ್ದೆಲೇ? ನಾನ ನಿನಗ ಫೋನಿನಾಗ ಹೇಳಿದ್ದು. ಮತ್ತ ಸರ ನಿಂತಿರಲಿಲ್ಲ, ಕುಂತಿದ್ರು."

ವಾದಿಸಿದೆ. ಗೊಬ್ಬರದ ಘಾಟು ಕೂಡ ನೆನಪಿದೆ ಎಂದೆ. ಗೊಬ್ಬರದ ಘಾಟು ಎಲ್ಲಿಲ್ಲ ಎಂದ ಅವನು. ಕೇಳಿ ಬಗೆಹರಿಸಿಕೊಳ್ಳಲು ಸರ್ ಇಲ್ಲ.

ಇದ್ದಿದ್ದರೆ, ತಿದ್ದು ಎನ್ನುತ್ತಿದ್ದರು. ತಿದ್ದಿದ್ದೇನೆ: ಅಂಗಡಿಯ ಸಂಗತಿ ಗೆಳೆಯ ಹೇಳಿದ್ದು, ನಾನು ಕಂಡದ್ದಲ್ಲ. ಆದರೆ ಅವನು ಹೇಳಿದಂತೆ ಸರ್ ಅವರನ್ನು ಕೂರಿಸಲು ನೋಡುತ್ತಲೇ ಇದ್ದೇನೆ. ಕಣ್ಣು ಮುಚ್ಚಿದರೆ ಸಾಕು, ಎದ್ದು ನಿಲ್ಲುತ್ತಾರೆ.