ಹೊಳೆಯಾಚೆಗೆ ಕೇಳಿಸಿದ ಮಾತು

ಮೂರು ವರ್ಷಗಳ ಹಿಂದಿನ ಮೇ ತಿಂಗಳ ಕೊನೆಯ ವಾರ. ನಾನಾಗ ಮೂಡುಬಿದಿರೆ ಕಡೆಯ ಒಂದು ಸಮುದಾಯ ಬಾನುಲಿ ಕೇಂದ್ರದಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ಕೇಂದ್ರ ಇದ್ದದ್ದು ಒಂದು ಕಲಾಶಾಲೆಯ ಮಹಡಿಯಲ್ಲಿ. ಕೆಳಗೆ ಸಂಗೀತ ಮತ್ತು ಚಿತ್ರಕಲೆಯ ತರಗತಿಗಳು, ಮೇಲೆ ನಮ್ಮ ಸ್ಟುಡಿಯೋ. ಎರಡಕ್ಕೂ ಮುಖ್ಯಸ್ಥೆ ವಾರಿಜಾ ಮೇಡಂ. ಅದಕ್ಕೂ ಮೊದಲು ಅವರು ತಾಲೂಕು ಪಂಚಾಯತಿನ ಅಧ್ಯಕ್ಷೆಯಾಗಿದ್ದವರು. ಆ ಕಾಲದ ಅಭ್ಯಾಸವೊಂದು ಅವರಲ್ಲಿ ಉಳಿದಿತ್ತು. ಮೈಕಿನ ಮುಂದೆ ನಿಂತರೆ ನಿಧಾನವಾದ, ಪುಸ್ತಕದಂಥ ಕನ್ನಡ. ಮೈಕ್ ಬಿಟ್ಟರೆ ತುಳು.

ಆ ತಿಂಗಳು ಶಾಲೆಯಲ್ಲಿ ಬೇಸಗೆ ಶಿಬಿರವಿತ್ತು. ಕೊಪ್ಪಳ, ಗದಗ ಕಡೆಯ ಒಂಬತ್ತು ಮಂದಿ ಚಿತ್ರಕಲೆಯ ವಿದ್ಯಾರ್ಥಿಗಳು ಬಂದಿದ್ದರು. ಸಮಾರೋಪಕ್ಕೆ ಬೆಳುವಾಯಿಯ ಒಳಗಿನ ಒಂದು ಹೊಳೆಯ ದಂಡೆಯಿಂದ ನೇರ ಪ್ರಸಾರ ಮಾಡುವ ಯೋಚನೆ ಮೇಡಂ ಅವರದು. ಸಂಜೆ ನಾಲ್ಕೂವರೆಗೆ ಕಾರ್ಯಕ್ರಮ. ನಾನು ಮಧ್ಯಾಹ್ನವೇ ಹೋಗಿ ಮಿಕ್ಸರ್ ಜೋಡಿಸಿ, ಆಚೆ ದಂಡೆಯ ಮನೆಯವರಿಗೂ ಕೇಳಲಿ ಎಂದು ಒಂದು ಸ್ಪೀಕರನ್ನು ಹೊಳೆಯ ಕಡೆಗೆ ತಿರುಗಿಸಿ ಇಟ್ಟೆ.

ಹೊಳೆ ಅಂದರೆ ಆ ಹೊತ್ತಿಗೆ ಮರಳು ಮತ್ತು ಬಂಡೆಗಳು ಮಾತ್ರ. ಸ್ವಲ್ಪ ಮೇಲೆ, ತಿರುವಿನ ಆಚೆಗೆ, ಕಿಂಡಿ ಅಣೆಕಟ್ಟು ಉಂಟು. ಚಳಿಗಾಲದಲ್ಲಿ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ. ಆ ವರ್ಷ ಹಲಗೆಗಳು ಇನ್ನೂ ಹಾಗೇ ಇದ್ದವು. ನಮ್ಮಲ್ಲಿ ಬಿಸಿಲು. ಘಟ್ಟದ ಕಡೆ ಮಾತ್ರ ಆಕಾಶ ನೀಲಿಗಪ್ಪಾಗಿ ತೂಗುತ್ತಿತ್ತು. ಏರೋಪ್ಲೇನ್ ಚಿಟ್ಟೆಗಳು ಮರಳಿನ ಮೇಲೆ ಸುಮ್ಮನೆ ತೇಲುತ್ತಿದ್ದವು. ಆ ಒಂಬತ್ತು ಮಂದಿ ಬಂಡೆಯಿಂದ ಬಂಡೆಗೆ ದಾಟಿ ಆಚೆ ದಂಡೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಇಷ್ಟು ಸುಂದರವಾದ ಸಂಜೆಯನ್ನು ನಾನು ಆಮೇಲೆ ನೋಡಿಲ್ಲ, ಅಥವಾ ನೋಡುವ ಧೈರ್ಯ ಮಾಡಿಲ್ಲ.

ಮೇಡಂ ಬಂದವರೇ ಕೇಳಿದರು. “ಎಂತ ದಿನೇಶ, ನಿನ್ನ ಡಬ್ಬಿ ಇವತ್ತಾದ್ರೂ ಸರಿ ಉಂಟಾ?”

“ಉಂಟು ಮೇಡಂ. ನಿಮ್ಮ ಭಾಷಣ ಸಣ್ಣದಾದ್ರೆ ಬ್ಯಾಟರಿ ಸಾಕಾಗ್ತದೆ.”

“ನನ್ನ ಭಾಷಣ ಸಣ್ಣದಾದದ್ದು ನೀನು ಯಾವಾಗ ನೋಡಿದ್ದಿ ಮಾರಾಯ?”

ಪ್ರಸಾರಕ್ಕೆ ಇಪ್ಪತ್ತು ನಿಮಿಷ ಇತ್ತು. ಧ್ವನಿ ಪರೀಕ್ಷೆಗೆಂದು ನಾನು ರೆಕಾರ್ಡಿಂಗ್ ಒತ್ತಿ, ತಂಬೂರಿಯ ಶ್ರುತಿ ಹಾಕಿ, ಮೈಕನ್ನು ಮೇಡಂ ಕೈಗೆ ಕೊಟ್ಟೆ. ಆಗ ಅಣೆಕಟ್ಟಿನ ಕಡೆಯಿಂದ ಪಂಚಾಯತಿನ ಪಂಪು ನೋಡಿಕೊಳ್ಳುವ ಸಂಜೀವಣ್ಣ ಗದ್ದೆಯ ಬದುವಿನ ಮೇಲೆ ಓಡಿ ಬಂದರು.

“ನೀರ್ ಬರ್ಪುಂಡು ಅಕ್ಕಾ! ಹಲಗೆ ಕಿತ್ತು ಹೋಯ್ತು!”

ಘಟ್ಟದ ಮಳೆಗೆ ನೀರು ಏರಿ, ಒಂದು ಕಿಂಡಿಯ ಹಲಗೆಗಳು ಒತ್ತಡ ತಾಳದೆ ಹಾರಿಹೋಗಿದ್ದವು. ಮೇಡಂ ಆಚೆ ದಂಡೆ ನೋಡಿದರು. ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲು ಎದ್ದು ನಿಂತಿದ್ದರು.

ಮೇಡಂ ಮೈಕಿನಲ್ಲಿ ಕೂಗಿದರು. “ಬಲ್ಲಿ! ಬಲ್ಲಿ!”

ತುಳುವಿನಲ್ಲಿ ಬಲ್ಲಿ ಎಂದರೆ ಕೂಡದು ಎಂದು. ತುಳುವರ ಮನೆಗಳಲ್ಲಿ ಒಲೆಯ ಹತ್ತಿರ ಹೋಗುವ ಮಗುವಿಗೆ ಹೇಳುವ ಮಾತು ಅದು. ನನಗೆ ಅದು ಆಜ್ಞೆಯಂತೆಯೇ ಕೇಳಿಸಿತು. ಆದರೆ ಮಕ್ಕಳು ನಮ್ಮ ಕಡೆ ನೋಡಿ ಕೈಬೀಸಿ, ಹೊಳೆಗೆ ಇಳಿದರು.

“ಬಲ್ಲಿ ಮಕ್ಕಳೇ, ಬಲ್ಲಿ!”

ಅವರಿಗೆ ಕೇಳಿಸುತ್ತಿಲ್ಲ ಎಂದು ನಾನು ತಿಳಿದೆ. ಫೇಡರ್, ಎಂದರೆ ಧ್ವನಿಯನ್ನು ಏರಿಸಿ ಇಳಿಸುವ ಜಾರುಗುಂಡಿ, ನನ್ನ ಬೆರಳಿನ ಕೆಳಗೇ ಇತ್ತು. ಅದನ್ನು ಮೇಲಕ್ಕೆ ದೂಡಿದೆ. ಅವರು ಓಡತೊಡಗಿದರು. ನಮ್ಮ ಕಡೆಗೇ. ಇನ್ನೂ ದೂಡಿದೆ. ಮುಂದಿದ್ದ ಹುಡುಗಿ ನಡುಹೊಳೆ ದಾಟುವುದರಲ್ಲಿದ್ದಳು.

ನನ್ನ ಕನಸಿನಲ್ಲಿ ಈಗಲೂ ಈ ಭಾಗ ತುಂಬ ನಿಧಾನ. ಮೇಡಂ ಬಾಯಿ ತೆರೆಯುತ್ತದೆ, ನನ್ನ ಬೆರಳು ಮೇಲೆ ಹೋಗುತ್ತದೆ, ಬಣ್ಣಬಣ್ಣದ ಚೂಡಿದಾರಗಳು ಹತ್ತಿರ ಬರುತ್ತವೆ. ಎಲ್ಲರೂ ನಗುತ್ತಿರುತ್ತಾರೆ.

ಧ್ವನಿ ಮಿತಿಮೀರಿ ಸ್ಪೀಕರ್ ಕಿರುಚಿತು. ಹಾಗೆ ಕಿರುಚಿದಾಗ ಕೈ ತಾನಾಗಿ ಫೇಡರನ್ನು ಕೆಳಕ್ಕೆ ಎಳೆಯುತ್ತದೆ. ಅದು ಈ ಕೆಲಸದವರ ರೂಢಿ. ಪೂರ್ತಿ ಎಳೆದುಬಿಟ್ಟೆ. ಮೇಡಂ ಸ್ವರವೂ ಇಲ್ಲ, ಶ್ರುತಿಯೂ ಇಲ್ಲ. ಮಕ್ಕಳು ಗಕ್ಕನೆ ನಿಂತರು. ಆಗ ಆ ಮೌನದಲ್ಲಿ ನೀರಿನ ಸದ್ದು ಅವರಿಗೆ ಕೇಳಿಸಿತು. ದೊಡ್ಡ ಗಾಳಿ ಮರಗಳ ಮೇಲೆ ಬಂದ ಹಾಗೆ ಇತ್ತು. ಅಷ್ಟು ಹೊತ್ತು ಅದನ್ನು ಮುಚ್ಚಿಟ್ಟಿದ್ದವನು ನಾನು.

ಎಂಟು ಮಂದಿ ತಿರುಗಿ ಓಡಿ ಆಚೆ ದಂಡೆ ಹತ್ತಿದರು. ಮುಂದಿದ್ದ ಸವಿತಾ ಎಂಬವಳಿಗೆ ಎರಡೂ ದಂಡೆ ದೂರ. ಅವಳು ಪಕ್ಕದ ಎತ್ತರದ ಬಂಡೆ ಹತ್ತಿದಳು. ಕೆಂಪು ನೀರು ತಿರುವಿನಿಂದ ನುಗ್ಗಿ ಬಂದು ಬಂಡೆಯ ಎರಡೂ ಬದಿ ಹರಿದು, ಏರುತ್ತ ಏರುತ್ತ ಅವಳ ಪಾದ ಮುಟ್ಟಿ ಅಲ್ಲಿಗೆ ನಿಂತಿತು. ಸಂಜೀವಣ್ಣ “ಕೂತುಕೋ ಮಗಾ, ಎದ್ದು ನಿಲ್ಲಬೇಡ” ಎಂದು ಕನ್ನಡದಲ್ಲಿ ಕೂಗಿ ಹೇಳುತ್ತಲೇ ಇದ್ದರು. ಕಟ್ಟಿ ನಿಂತ ನೀರು ಬರಿದಾಗಿ ಹರಿವು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ನಾಲ್ಕು ಜನ ಹಗ್ಗ ಹಿಡಿದು ಹೋಗಿ ಅವಳನ್ನು ಕರೆತಂದರು.

ಮೇಡಂ ಅವಳನ್ನು ಅಪ್ಪಿಕೊಂಡು ಗದರಿಸಿದರು. “ಅಷ್ಟು ಕೂಗಿದ್ದೇನೆ, ಯಾಕೆ ಇಳಿದದ್ದು ನೀನು?”

ಸವಿತಾ ನಡುಗುತ್ತಲೇ ಹೇಳಿದಳು. “ನೀವ ಬರ್ರಿ ಬರ್ರಿ ಅಂದ್ರಲ್ರೀ ಮೇಡಮ್ಮಾರ. ಅದಕ್ಕ ಓಡಿ ಬಂದ್ವಿ. ಬಲೆ ಅಂದ್ರ ಬರ್ರಿ ಅಂತ ನೀವ ಕಲಿಸಿದ್ರಿ.”

ಕಲಿಸಿದ್ದು ನಿಜ. ಶಿಬಿರದ ಮೊದಲ ದಿನ ಊಟದ ಹೊತ್ತಿಗೆ ಮೇಡಂ ಅವರಿಗೆ ಹೇಳಿಕೊಟ್ಟ ಒಂದೇ ತುಳು ಪದ ಬಲೆ. ಬನ್ನಿ ಎಂದು ಅರ್ಥ. ಹೊಳೆಯಗಲ ದಾಟಿದ ‘ಬಲ್ಲಿ’ ಅವರ ಕಿವಿಯಲ್ಲಿ ಅರ್ಧ ಬಲೆ, ಅರ್ಧ ಬನ್ನಿ ಆಗಿತ್ತು. ಮೇಡಂ ಮೈಕಿನಲ್ಲಿ ಕನ್ನಡ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೆದರಿದವರ ಬಾಯಿಗೆ ಮನೆಯ ಮಾತೇ ಬರುತ್ತದೆ.

ಎರಡು ದಿನ ಬಿಟ್ಟು ಆಡಳಿತ ಸಮಿತಿಯ ಸಭೆ. ವರದಿ ಬರೆಯುತ್ತಿದ್ದ ಕಾರ್ಯದರ್ಶಿ, “ಸೂಚನೆ ಕೊಟ್ಟರೂ ವಿದ್ಯಾರ್ಥಿಗಳು ನಿರ್ಲಕ್ಷ್ಯ ಮಾಡಿದ್ರು ಅಂತ ಹಾಕುವ. ಶಾಲೆಯ ಹೆಸರು ಉಳಿಯಬೇಕಲ್ಲ” ಎಂದರು. ಮೇಡಂ ರೆಕಾರ್ಡಿಂಗ್ ಹಾಕಲು ನನಗೆ ಹೇಳಿದರು. ನಲವತ್ತು ಸೆಕೆಂಡು ಇರಬಹುದು. ಶ್ರುತಿ, ಗಾಳಿ, ಅದರ ನಡುವೆ ಮೇಡಂ ಕೂಗು. ಹುಟ್ಟಿದಂದಿನಿಂದ ತುಳು ಮಾತಾಡುವ ನನಗೇ ಮೂರನೆಯ ಕೂಗು ‘ಬನ್ನಿ’ ಎಂದು ಕೇಳಿಸಿತು.

“ಕರೆದದ್ದು ನಾನು ಅಂತ ಬರೆಯಿರಿ,” ಎಂದರು ಮೇಡಂ. “ಮಕ್ಕಳು ಹೇಳಿದ ಮಾತು ಕೇಳಿದ್ದಾರೆ.”

ಮರುದಿನ ಬೆಳಗಿನ ಪ್ರಸಾರದಲ್ಲೂ ಅದನ್ನೇ ಹೇಳಿದರು. ಅವರ ಎಷ್ಟೋ ಭಾಷಣಗಳನ್ನು ನಾನು ಧ್ವನಿಮುದ್ರಿಸಿದ್ದೇನೆ. ಅವೆಲ್ಲಕ್ಕಿಂತ ಸಣ್ಣದು ಅದು.

ಮಾತನ್ನು ಗಟ್ಟಿ ಮಾಡುವುದೇ ನನ್ನ ಕೆಲಸ ಎಂದು ಆವರೆಗೆ ನಂಬಿದ್ದೆ. ಈಗ ಹೊರಗೆ ಎಲ್ಲಿ ಪ್ರಸಾರವಿದ್ದರೂ, ಬಂಟ್ವಾಳದಲ್ಲಾಗಲಿ ಉಜಿರೆಯಲ್ಲಾಗಲಿ, ಮೈಕಿನಲ್ಲಿ ಯಾರನ್ನಾದರೂ ಮಾತಾಡಿಸಿ ಬಿಟ್ಟು ನಾನು ಕೊನೆಯ ಸಾಲಿನ ಆಚೆಗೆ ನಡೆದು ಹೋಗುತ್ತೇನೆ. ನಮ್ಮ ಊರಿನ ಮಾತು ಗೊತ್ತಿಲ್ಲದ ಒಬ್ಬರನ್ನು ಹುಡುಕಿ, ಏನು ಕೇಳಿಸಿತು ಎಂದು ಕೇಳುತ್ತೇನೆ. ಅವರು ಹೇಳಿದ ಮೇಲೆಯೇ ಬಂದು ಫೇಡರಿಗೆ ಕೈ ಹಾಕುವುದು.