ಸನಾದಿ ಊದುತ್ತಿದ್ದವನ ಸಾಲು

ಧಾರವಾಡದ ವಿಶ್ವವಿದ್ಯಾಲಯವೊಂದರಲ್ಲಿ ಶ್ವಾಸಕೋಶದ ಕಾಯಿಲೆಗಳ ಸಂಶೋಧನೆ ನಡೆಯುವ ವಿಭಾಗದೊಳಗೆ ನೀಲಾಳಿಗೆ ಒಂದು ಮೇಜಿತ್ತು. ಅವಳು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ, ಗ್ರಂಥಾಲಯದವಳು. ಓದುವವರು ಗ್ರಂಥಾಲಯಕ್ಕೆ ಬರುವುದು ಕಡಿಮೆಯಾದಾಗ, ಗ್ರಂಥಾಲಯವೇ ಅವರ ನಡುವೆ ಹೋಗಿ ಕೂರಲಿ ಎಂದು ಮೇಲಿನವರು ಅವಳನ್ನು ಅಲ್ಲಿಗೆ ಕಳಿಸಿದ್ದರು. ಯಾವ ದೇಶದಲ್ಲಿ ಯಾರು ಏನು ಬರೆದಿದ್ದಾರೆಂದು ಹುಡುಕಿ ಕೊಡುವುದು, ಸಂಶೋಧಕರು ತಂದ ಮಾಹಿತಿಯನ್ನು ಒಪ್ಪವಾಗಿಟ್ಟು ಕಾಪಾಡುವುದು, ಡಾಕ್ಟರರ ಮಾತನ್ನು ರೋಗಿಗೆ ತಿಳಿಯುವ ಕನ್ನಡಕ್ಕೆ ಇಳಿಸುವುದು ಅವಳ ಕೆಲಸ.

ಆ ಮೇಜಿನ ಜಾಗಕ್ಕೆ ಹೊಸ ಯಂತ್ರ ಬಂತು. ನಿಮ್ಮ ಕೆಲಸವೆಲ್ಲ ಕಂಪ್ಯೂಟರಿನೊಳಗೇ ಇರುವುದಲ್ಲ, ಮನೆಯಿಂದಲೇ ಮಾಡಿ ಎಂದರು. ಅಂದಿನಿಂದ ನೀಲಾ ಹುಬ್ಬಳ್ಳಿಯ ಕಮರಿಪೇಟೆಯ ಎರಡು ಕೋಣೆಯ ಮನೆಯಲ್ಲಿ, ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಆ ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಫೋಟೊ, ಮೇಲಿನ ಹಲಗೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಅಪ್ಪನ ಸನಾದಿ. ಮೀಟಿಂಗ್ ಶುರುವಾಗುವಾಗ ಅವಳು ಬೆನ್ನ ಹಿಂದಿನದೆಲ್ಲ ಮಸುಕಾಗುವಂತೆ ಒಂದು ಗುಂಡಿ ಒತ್ತುತ್ತಿದ್ದಳು.

ಅಪ್ಪ ಗಿರಿಯಪ್ಪ ತಾರಿಹಾಳದ ಒಂದು ಎರಕದ ಕಾರ್ಖಾನೆಗೆ ಹೋಗುತ್ತಿದ್ದ. ಮರಳಿನ ಅಚ್ಚಿನಿಂದ ಹೊರಬಂದ ಕಬ್ಬಿಣದ ಅಂಚುಗಳನ್ನು ತಿರುಗುವ ಸಾಣೆಯ ಗಾಲಿಗೆ ಹಿಡಿದು ತಿಕ್ಕುವ ಕೆಲಸ. ಸಂಜೆ ಬರುವಾಗ ರೆಪ್ಪೆಗಳು ಬೂದಿ ಬಣ್ಣಕ್ಕೆ ತಿರುಗಿರುತ್ತಿದ್ದವು. ಅವ್ವ ಸಾವಂತ್ರೆವ್ವ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಅಂಗಿ ಜಾಡಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಮೊದಲು ಮದುವೆಯ ಹಂಗಾಮಿನಲ್ಲಿ ಅವನು ರಜೆ ಹಾಕಿ ಸನಾದಿ ಊದಲು ಹೋಗುತ್ತಿದ್ದ. ಕೆಲ ವರ್ಷಗಳಿಂದ ಅದು ಹಲಗೆಯಿಂದ ಇಳಿದಿರಲಿಲ್ಲ. ನೀಲಾ ಕೇಳಿದರೆ, "ಈಗ ಯಾರು ಕರೀತಾರ? ಎಲ್ಲಾರ್ಗೂ ಡಿಜೆ ಬೇಕು" ಎಂದು ನಗುತ್ತಿದ್ದ. ನಗು ಕೆಮ್ಮಾಗುತ್ತಿತ್ತು.

ಆ ಬೇಸಿಗೆಯಲ್ಲಿ ವಿಭಾಗದವರು ತಾರಿಹಾಳದ ಕೆಲಸಗಾರರ ಎದೆಯ ಪರೀಕ್ಷೆ ಮುಗಿಸಿ ಮಾಹಿತಿಯನ್ನು ನೀಲಾಳಿಗೆ ಕಳಿಸಿದರು. ಮುಂದೆ ಎಲ್ಲ ದೇಶದವರೂ ನೋಡುವಂತೆ ಅದನ್ನು ತೆರೆದಿಡಬೇಕಿತ್ತು. ಅದಕ್ಕೆ ಮೊದಲು ಒಂದು ಶುಚಿಕೆಲಸ. ಒಬ್ಬೊಬ್ಬ ಕೆಲಸಗಾರನಿಗೂ ಒಂದು ಸಾಲು. ಹೆಸರಿಲ್ಲ, ಬರೀ ಸಂಖ್ಯೆ; ಹೆಸರುಗಳ ಪಟ್ಟಿ ವಿಭಾಗದಲ್ಲಿ ಬೇರೆಯೇ ಇತ್ತು. ಆದರೂ ಸಾಲುಸಾಲಾಗಿ ಓದುತ್ತ, ಇದನ್ನು ನೋಡಿದರೆ ಇಂಥವನೇ ಎಂದು ಯಾರಿಗಾದರೂ ತಿಳಿದೀತೇ ಎಂದು ಕೇಳಿಕೊಳ್ಳಬೇಕು. ತಿಳಿಯುವಂತಿದ್ದರೆ ಅಷ್ಟನ್ನು ಅಳಿಸಬೇಕು. ನೀಲಾ ಇದನ್ನು ಮಾಡುವ ರೀತಿ ಅವಳದೇ: ಸಾಲನ್ನು ಓದಿ, ಕಣ್ಣು ಮುಚ್ಚಿ, ಆ ಮನುಷ್ಯನ ಮುಖ ಕಾಣುತ್ತದೆಯೇ ಎಂದು ಕಾಯುವುದು. ಕಾಣದಿದ್ದರೆ ಮುಂದಿನ ಸಾಲು.

ಒಂದು ಸಾಲಿನಲ್ಲಿ ಮುಖ ಕಂಡಿತು.

ಗಂಡಸು, ಕಮರಿಪೇಟೆ, ಗಾಲಿ ತಿಕ್ಕುವ ಕೆಲಸ. ಎರಡೂ ಶ್ವಾಸಕೋಶಗಳಲ್ಲಿ ಮರಳಿನ ದೂಳಿನ ಗಂಟುಗಳು, ರೋಗ ಮುಂದುವರಿದಿದೆ. ಕೊನೆಗೆ ಪರೀಕ್ಷೆ ಮಾಡಿದ ಎಳೆಯ ಡಾಕ್ಟರು ಬರೆದ ಷರಾ: 'ಉಸಿರು ಅಳೆಯುವ ನಳಿಗೆಯಲ್ಲಿ ಊದಲು ಹೇಳಿದಾಗ ನಕ್ಕರು. ಮೊದಲು ಮದುವೆಗಳಲ್ಲಿ ಇಡೀ ದಿನ ಸನಾದಿ ಊದುತ್ತಿದ್ದರಂತೆ. ಈಗ ಉಸಿರು ಸಾಲುವುದಿಲ್ಲ. ಮನೆಯಲ್ಲಿ ಹೇಳಿಲ್ಲ.'

ಅದರ ಕೆಳಗಿನ ಸಾಲಿನಲ್ಲಿ ರೋಗ ಇನ್ನೂ ಮುಂದುವರಿದಿತ್ತು. ಕಿಡಿ ಸಿಡಿದು ಬಲಗಣ್ಣು ಹೋದವ, ಕಮರಿಪೇಟೆಯವ. ಅಪ್ಪನ ಜೋಡಿ ಒಂದೇ ಗಾಲಿಗೆ ನಿಲ್ಲುವ ಮಲ್ಲಿಕಸಾಬ ಕಾಕಾ. ಸಣ್ಣವಳಿದ್ದಾಗ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು.

ಮರುದಿನದ ಮೀಟಿಂಗಿನಲ್ಲಿ ವಿಭಾಗದ ಮುಖ್ಯಸ್ಥ ಡಾಕ್ಟರ್ ರಮಾಕಾಂತ ಮಾತಾಡುತ್ತಿದ್ದಾಗ ಒಳಕೋಣೆಯಿಂದ ಕೆಮ್ಮು ಕೇಳಿತು. ಅಂದು ಕಾರ್ಖಾನೆಗೆ ವಾರದ ರಜೆ.

"ನೀಲಾ ಅವ್ರ, ನಿಮ್ಮ ಕಡೆ ಯಾರೋ ಕೆಮ್ಮಾಕತ್ತಾರ. ಮೈಕ್ ಬಂದ್ ಮಾಡ್ಕೋರಿ" ಎಂದರು ಅವರು, ಮೆತ್ತಗೆ.

ಬಂದ್ ಮಾಡಿದಳು. ಉಳಿದವರೆಲ್ಲ ಹೋದ ಮೇಲೆ ಮತ್ತೆ ತೆರೆದಳು.

"ಸರ, ಈ ಮಂದಿಗೆ ಅವರವರ ರೋಗದ ಸುದ್ದಿ ಯಾವಾಗ ಹೇಳ್ತೀವ್ರಿ?"

"ಸರಕಾರದಾಗ ವರದಿ ಮಂಜೂರಾದ ಮ್ಯಾಲ. ಕಾರ್ಖಾನಿಯವ್ರು ಬಾಗಲಾ ತಗದದ್ದ ಆ ಮಾತಿನ ಮ್ಯಾಲ."

"ಅಲ್ಲೀತನಕ ಅವ್ರು ಅದ ದೂಳಿನ್ಯಾಗ ನಿಂದರ್ತಾರಲ್ರಿ."

ರಮಾಕಾಂತ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೂ ನಿದ್ದಿ ಬರಂಗಿಲ್ಲವಾ. ಈಗ ಒಬ್ಬಾವಗ ಹೇಳಿದ್ರ ನಾಳಿಗೆ ಎಲ್ಲಾರ್ನೂ ಗೇಟಿನ ಹೊರಗ ಹಾಕ್ತಾರ. ವರದಿ ಬಂದ್ರ ಅವ್ರೆಲ್ಲಾರ್ಗೂ ಔಷಧ ಆತು, ಪರಿಹಾರ ಆತು, ಕೇಳಾಕ ಒಂದು ಹಕ್ಕು ಇರ್ತದ." ಆಮೇಲೆ ಪರದೆಗೆ ಹತ್ತಿರ ಬಂದರು. "ಯಾಕ, ಯಾರರ ಗುರ್ತು ಹತ್ತಿತೇನು ನಿಮಗ?"

ಹೌದೆಂದರೆ ಈ ಕೆಲಸದಿಂದ ಅವಳನ್ನು ಬಿಡಿಸುತ್ತಾರೆ. ಅದು ನಿಯಮ, ಅದನ್ನು ಬರೆದವಳೂ ಅವಳೇ. ಆ ಸಾಲುಗಳು ಇನ್ಯಾರದೋ ಕೈಗೆ ಹೋಗುತ್ತವೆ.

"ಇಲ್ಲರಿ" ಎಂದಳು ನೀಲಾ.

ಹಾಗೆಂದು ಸುಮ್ಮನಿರಲು ಅವಳಿಂದ ಆಗಲಿಲ್ಲ. ಅಂದು ಸಂಜೆ ಸಾವಂತ್ರೆವ್ವ ನೀರಿಗೆ ಹೋದಾಗ ಅಪ್ಪನ ಮುಂದೆ ಕೂತು ಅವನ ಸಾಲಿನಲ್ಲಿದ್ದುದನ್ನೆಲ್ಲ ಹೇಳಿದಳು. ಗಿರಿಯಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟ.

"ಷರಾ ಬರದ ಹುಡುಗ ಛಲೋ ಹುಡುಗ" ಎಂದ. "ಊದ್ರಿ ಕಾಕಾ, ಊದ್ರಿ ಅಂತಿದ್ದ. ನನಗ ನಗಿ ಬಂತು. ಊದೂದನ್ನ ನನಗ ಕಲಸ್ತಾನಲ್ಲಪಾ ಅಂತ."

"ನಾಳಿಯಿಂದ ಹೋಗಬ್ಯಾಡಪಾ."

"ಮಲ್ಲಿಕಸಾಬಂದು ಏನೈತಿ?"

ಅವಳು ನೆಲ ನೋಡಿದಳು. ತನ್ನ ಅಪ್ಪನದನ್ನು ಹೇಳಿದ್ದೇ ತಪ್ಪು, ಇನ್ನೊಬ್ಬರದನ್ನು ಹೇಗೆ ಹೇಳುವುದು?

"ಹಾಂ" ಎಂದ ಗಿರಿಯಪ್ಪ. ತಾಟನ್ನು ಪಕ್ಕಕ್ಕೆ ಸರಿಸಿದ. "ನಾ ಮನ್ಯಾಗ ಕುಂತ್ರ ಅವನ ಜೋಡಿ ಯಾವನರ ಹೊಸಬನ್ನ ತಂದು ನಿಂದರಸ್ತಾರ. ಆ ದೂಳು ಅವನ ಎದಿಗೆ ಹೋಗ್ತೇತಿ. ಯಾಕ ಬಿಟ್ಟಿ ಅಂತ ಮಾಲಕ ಕೇಳಿದ್ರ ಏನ್ ಹೇಳ್ಲಿ? ನಿನ್ನ ಹೆಸರ ಹೇಳ್ಲೇನು? ಎಲ್ಲಾರ್ಗೂ ಹೇಳೂ ದಿನ ನನಗೂ ಹೇಳವಾ. ನಾ ಬಾಬಾಸಾಹೇಬರ ಫೋಟೊದ ಕೆಳಗ ಮಲಗಾಂವ. ಮಗಳು ಆಫೀಸಿನ ಒಳಗದಾಳ ಅಂತ ನಾ ಒಬ್ಬಾಂವ ಮೊದಲ ಹೊರಗ ಹಾರಿ ಬರ್ಲೇನು?"

"ಅಪ್ಪಾ, ಅಲ್ಲೀತನಕ..."

"ನಿಮ್ಮವ್ವ ಬಂದ್ಳು. ಸುಮ್ಮನಿರು."

ಬೆಳಿಗ್ಗೆ ಎಂದಿನಂತೆ ಓಣಿಯಲ್ಲಿ ಮಲ್ಲಿಕಸಾಬನ ದನಿ. "ಏ ಗಿರೆಪ್ಪಾ, ಎದ್ದಿಯೋ ಇಲ್ಲೋ? ಲಗೂ ಬಾ. ಬಸ್ಸಿನವ ನಿನ್ನ ಅಳಿಯ ಅಲ್ಲ, ಕಾಯಾಕ."

"ನೀ ಒಂದ ಕಣ್ಣಿಲೆ ಬಸ್ಸು ಹುಡಕೂತನಕ ನಾ ಚಾ ಕುಡದ ಬರ್ತೇನಿ, ತಡಿ."

ಇಬ್ಬರೂ ನಕ್ಕರು, ಇಬ್ಬರೂ ಕೆಮ್ಮಿದರು. ಕೆಮ್ಮು ಓಣಿಯ ತಿರುವಿನವರೆಗೂ ಕೇಳಿ ಆಮೇಲೆ ನಿಂತಿತು. ನೀಲಾ ಲ್ಯಾಪ್‌ಟಾಪ್ ತೆರೆದಳು. ಕಮರಿಪೇಟೆ ಎಂಬಲ್ಲಿ 'ನಗರ ಪ್ರದೇಶ' ಎಂದು ಬರೆದಳು. ಗಾಲಿ ತಿಕ್ಕುವ ಕೆಲಸ ಎಂಬಲ್ಲಿ 'ಲೋಹದ ಕೆಲಸ'. ಕೊನೆಗೆ ಷರಾ ಉಳಿಯಿತು. ಊದುತ್ತಿದ್ದವ, ನಕ್ಕವ, ಮನೆಯಲ್ಲಿ ಹೇಳದವ. ಕಣ್ಣು ಮುಚ್ಚಿದರೆ ಮುಖ ಕಾಣುತ್ತಲೇ ಇತ್ತು. ಒಂದೊಂದೇ ಪದವಾಗಿ ಅಳಿಸಿದಳು.

"ಛಲೋ ಆತು ನೀಲಾ ಅವ್ರ" ಎಂದರು ರಮಾಕಾಂತ, ಅವಳು ಕಳಿಸಿದ್ದನ್ನು ನೋಡಿ. "ಇನ್ನ ಹೆತ್ತವರಿಗೂ ಗುರ್ತು ಹತ್ತಂಗಿಲ್ಲ."

ಮಳೆಗಾಲದಲ್ಲಿ ಮಲ್ಲಿಕಸಾಬ ತೀರಿಕೊಂಡ. ಆಸ್ಪತ್ರೆಯಲ್ಲಿ ಟಿಬಿ ಇರಬಹುದೆಂದು ಔಷಧ ಕೊಟ್ಟಿದ್ದರು. ಮಣ್ಣಿಗೆ ಹೋಗಿ ಬಂದ ಗಿರಿಯಪ್ಪ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತ. ನೀಲಾ ಹೊರಗೆ ಟವೆಲ್ ಹಿಡಿದು ನಿಂತಿದ್ದಳು. ಹೊರಬಂದವನು ಅವಳ ಮುಖ ನೋಡಲಿಲ್ಲ. ಮರುದಿನ ಒಬ್ಬನೇ ಬಸ್ಸಿಗೆ ನಡೆದ.

ದೀಪಾವಳಿ ಕಳೆದ ಮೇಲೆ ವರದಿ ಮಂಜೂರಾಯಿತು. ಪ್ರತಿಯೊಬ್ಬ ಕೆಲಸಗಾರನಿಗೂ ತಿಳಿಯುವ ಮಾತಿನಲ್ಲಿ ಒಂದೊಂದು ಕಾಗದ ಬರೆದದ್ದು ನೀಲಾ. ಓದಿ ಹೇಳಲೂ ಅವಳೇ ಬೇಕೆಂದು ತಾರಿಹಾಳಕ್ಕೆ ಕರೆದೊಯ್ದರು. ಕಾರ್ಖಾನೆಗಳ ನಡುವಿನ ಒಂದು ಶೆಡ್ಡಿನಲ್ಲಿ ಮತ್ತೆ ಅವಳಿಗೊಂದು ಮೇಜು ಸಿಕ್ಕಿತು. ಪಕ್ಕದಲ್ಲಿ ಡಾಕ್ಟರ್ ರಮಾಕಾಂತ. ಎದುರಿಗೆ ಕುರ್ಚಿಗಳಲ್ಲಿ ಕೆಲಸಗಾರರು. ಅವಳು ಯಾರ ಮಗಳೆಂದು ಅಲ್ಲಿ ಬಹಳ ಜನಕ್ಕೆ ಗೊತ್ತಿತ್ತು. ಆದರೂ ಅವಳು ತಲೆ ಎತ್ತಿದಾಗಲೆಲ್ಲ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವಳ ಗುರುತು ತೋರಿಸಬೇಡಿ ಎಂದು ಯಾರೋ ಅವರಿಗೆ ಹೇಳಿಟ್ಟಿದ್ದರು.

ಮಲ್ಲಿಕಸಾಬನ ಹೆಸರು ಕರೆದಾಗ ಹೆಂಡತಿ ಅಬೀದಾ ಬಂದು ಕಾಗದ ಇಸಿದುಕೊಂಡಳು. ಓದಿ ಹೇಳುವುದು ಬೇಡ ಎಂದು ಕೈಯಾಡಿಸಿ ಬಾಗಿಲ ಬಳಿ ಹೋಗಿ ನಿಂತಳು.

"ಗಿರಿಯಪ್ಪ."

ಅವನು ಎದ್ದು ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಎದುರಿನ ಕುರ್ಚಿಯ ತುದಿಯಲ್ಲಿ ಕೂತ. ಹೊಸಬರ ಮನೆಗೆ ಬಂದವನಂತೆ.

"ನಿಮ್ಮ ಎದಿಯೊಳಗ ದೂಳು ಕುಂತೇತ್ರಿ" ಎಂದು ನೀಲಾ ಓದಿದಳು. ಮೇಜಿನ ಅಂಚು ಹಿಡಿದಿದ್ದಳು. "ಅದು ಹೊರಗ ಬರಂಗಿಲ್ಲರಿ. ಆದ್ರ ಇನ್ನ ಮುಂದ ದೂಳಿನ ಕೆಲಸ ಬಿಟ್ರ ರೋಗ ಏರೂದು ನಿಧಾನ ಆಗಬಹುದು."

"ಹೌದೇನ್ರಿ" ಎಂದ ಗಿರಿಯಪ್ಪ, ಮೊದಲ ಸಲ ಕೇಳಿದವನ ಹಾಗೆ. "ನನಗೇನೂ ಗೊತ್ತ ಇರಲಿಲ್ಲ ನೋಡ್ರಿ." ಕೆಮ್ಮು ಬಂತು. ಮುಖ ತಿರುಗಿಸಿ ಟೊಪ್ಪಿಗೆಯನ್ನು ಬಾಯಿಗೆ ಒತ್ತಿಕೊಂಡ. ಈ ಸಲ ಬಂದ್ ಮಾಡಲು ಅವಳ ಬಳಿ ಯಾವ ಗುಂಡಿಯೂ ಇರಲಿಲ್ಲ. ರಮಾಕಾಂತ ಆ ಸದ್ದಿಗೆ ಒಮ್ಮೆ ತಲೆ ಎತ್ತಿ ಅವನನ್ನು, ಆಮೇಲೆ ನೀಲಾಳನ್ನು ನೋಡಿದರು. ಮುಂದಿನ ಕಾಗದವನ್ನು ಅವಳ ಕಡೆ ಸರಿಸಿದರು.

ಗಿರಿಯಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದ. "ಬರ್ತೇನ್ರಿ ಮ್ಯಾಡಮ್ಮಾರ" ಎಂದು ಮಗಳಿಗೆ ಕೈ ಮುಗಿದು, ಅಬೀದಾ ನಿಂತಿದ್ದ ಕಡೆಗೆ ನಿಧಾನವಾಗಿ ನಡೆದ.