ಹುಳುಮನೆ ಮುಂದೆ ನಿಂತ ಮೂರು ಚಕ್ರದ ಬೈಕು

ಶಿಡ್ಲಘಟ್ಟದ ದಾರಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯೊಂದರ ಮುಂದೆ, ನನ್ನ ಮೂರು ಚಕ್ರದ ಬೈಕಿನ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಬೈಕಿನ ಹಿಂಭಾಗವನ್ನು ಗಾಳಿಯ ಬಲದಿಂದ ಎತ್ತಿ ಹಿಡಿಯುವ ಏರ್ ಸಸ್ಪೆನ್ಷನ್ನಿನಲ್ಲಿ ಗಾಳಿ ಇಳಿದಿತ್ತು. ಎಂಜಿನ್ ಆರಿಸಿ, ಗಾಳಿ ಪೈಪಿಗೆ ಸೋಪಿನ ನೊರೆ ಹಚ್ಚಿದೆ. ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು, ಬಿಗಿ ಮಾಡಿದೆ. ಗಾಳಿ ನಿಲ್ಲುತ್ತದೋ ಇಲ್ಲವೋ ನೋಡಲು ಪಂಪು ಮತ್ತೆ ಗಾಳಿ ತುಂಬಬೇಕು, ಅದಕ್ಕೆ ಎಂಜಿನ್ ಓಡಲೇಬೇಕು.

ಸ್ಟಾರ್ಟ್ ಮಾಡಲು ಹೋದಾಗ, ಹುಳುಮನೆಯ ಬಾಗಿಲಲ್ಲಿದ್ದ ಹೆಂಗಸು ತಡೆದರು. "ಇಲ್ಲಿ ಬೇಡಮ್ಮ. ಹುಳ ಜ್ವರಕ್ಕೆ ಕೂತವೆ, ಹೊಗೆ ಆಗಲ್ಲ."

ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರಂತೆ.

"ಸರಿ, ತಳ್ಕೊಂಡು ಹೋಗ್ತೀನಿ," ಎಂದೆ. ಎಷ್ಟು ತಳ್ಳಿದರೂ ಬೈಕು ಅಲುಗಲಿಲ್ಲ. ಬಿಡದೆ ಮತ್ತೆ ತಳ್ಳಿದೆ. ಆಕೆ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದು ಕೈ ಕೊಟ್ಟರು. "ಹೂಂ, ತಳ್ಳಣ."

ದೂರದ ಹೊಂಗೆ ಮರದ ಹತ್ತಿರ ಸ್ಟಾರ್ಟ್ ಮಾಡಿದೆ. ಬೈಕಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು, ದೀಪ ಆರಿತು. ಖುಷಿಗೆ ಹಾರ್ನಿನ ಮೇಲೆ ಹೋದ ಹೆಬ್ಬೆರಳನ್ನು, ಮಲಗಿದ ಹುಳುಗಳ ನೆನಪಾಗಿ, ಹಿಂದಕ್ಕೆ ತೆಗೆದೆ.